ತಾಟಸ್ಥ್ಯವೂ ಸತ್ಯಶೋಧನೆಯೂ

ವೃತ್ತಪತ್ರಿಕೆಯವರಿಗೆ ತಾಟಸ್ಥ್ಯವೇ ಮೊದಲ ಧರ್ಮವೆಂದು ಎಲ್ಲರೂ ಹೇಳುತ್ತಾರೆ. ತಟಸ್ಥನೆಂದರೆ ದಡದಲ್ಲಿ ನಿಂತವನು. ಹಾಗೆ ನಿಂತವನಿಗೆ ನೀರಿನ ಆಳವನ್ನು ಅಳೆದು ಹೇಳುವ ಹೊಣೆ ಇಲ್ಲವೇ?

2021ರ ಜುಲೈ ತಿಂಗಳನ್ನು ನೆನೆಯಿರಿ. ಕೃಷ್ಣರಾಜಸಾಗರದ ಕಟ್ಟೆ ಬಿರುಕು ಬಿಟ್ಟಿದೆಯೆಂಬ ಆತಂಕವನ್ನು ಮಂಡ್ಯದ ಅಂದಿನ ಲೋಕಸಭಾ ಸದಸ್ಯೆ ಶ್ರೀಮತಿ ಸುಮಲತಾ ಅಂಬರೀಶ್ ಅವರು ಎತ್ತಿ, ಕಲ್ಲುಗಣಿಗಾರಿಕೆಯತ್ತ ಬೆರಳು ತೋರಿದರು. ಬಿರುಕಿಲ್ಲವೆಂದು ನೀರಾವರಿ ನಿಗಮದವರು ಹೇಳಿದರು. ನಡುವೆ ಶ್ರೀ ಎಚ್.ಡಿ. ಕುಮಾರಸ್ವಾಮಿಯವರ ಒಂದು ಮಾತು ದೊಡ್ಡ ಸುದ್ದಿಯಾಗಿ, ಮಾತಿಗೆ ಮಾತು ಬೆಳೆಯಿತು. ಬಿರುಕಿನ ಪ್ರಶ್ನೆ ಹಿಂದೆ ಸರಿಯಿತು. ಯಾರದು ದಿಟವೆಂದು ತೀರ್ಪು ಕೊಡಲು ನಾವು ಹೊರಟಿಲ್ಲ. ಆದರೆ ವಿಶ್ವೇಶ್ವರಯ್ಯ ನಾಲೆಯ ಕೊನೆಯಲ್ಲಿರುವ ಮದ್ದೂರು, ಮಳವಳ್ಳಿಯ ರೈತನಿಗೆ ಬೇಕಾಗಿದ್ದುದು ಕಟ್ಟೆಯ ಸಮಾಚಾರ, ಕಲಹದ ಸಮಾಚಾರವಲ್ಲ.

ಎರಡು ಹೇಳಿಕೆಗಳನ್ನು ಅಕ್ಕಪಕ್ಕ ಅಚ್ಚುಹಾಕಿ ಸುಮ್ಮನಾಗುವುದು ಅಂಚೆಯವನ ಕೆಲಸ. (ಅವನಾದರೂ ವಿಳಾಸ ಸರಿಯಿದೆಯೇ ಎಂದು ನೋಡುತ್ತಾನೆ.) 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲೀಬಾರಾಯಿತು. ಸತ್ತವರು ಹತ್ತು ಮಂದಿಯೆಂದು ಸರ್ಕಾರ ಹೇಳಿತು. ಜನರ ಲೆಕ್ಕ ಮೂವತ್ತನ್ನು ದಾಟಿತ್ತು. ಇಂತಲ್ಲಿ ಎರಡೂ ಅಂಕಿಗಳಿಗೆ ಸಮಾನ ಗೌರವ ಸಲ್ಲಿಸಿದರೆ ಸತ್ತವರಿಗೆ ನ್ಯಾಯ ಸಲ್ಲುವುದೇ?

ಹಾಗಾದರೆ ಪ್ರಶ್ನಿಸುವ ಬಗೆ ಯಾವುದು? ಗೌತಮರ ನ್ಯಾಯಸೂತ್ರವು ಮೂರು ಬಗೆಯ ಚರ್ಚೆಯನ್ನು ಹೇಳುತ್ತದೆ. ತತ್ತ್ವವನ್ನರಿಯಲು ನಡೆಯುವುದು ವಾದ. ಗೆಲ್ಲಲೆಂದೇ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನು ಕೆಡಹುವುದು ವಿತಂಡ. ಅದೇ ಗ್ರಂಥ 22 ನಿಗ್ರಹಸ್ಥಾನಗಳನ್ನು, ಎಂದರೆ ಸೋಲಿನ ಎಡೆಗಳನ್ನು, ಎಣಿಸುತ್ತದೆ. ಸಂಬಂಧವಿಲ್ಲದ ವಿಷಯಕ್ಕೆ ಜಾರಿದರೆ ಅರ್ಥಾಂತರ; ಉತ್ತರ ತೋಚದೆ ನಿಂತರೆ ಅಪ್ರತಿಭಾ; ಬೇರೆ ಕೆಲಸವಿದೆಯೆಂದು ಎದ್ದುಹೋದರೆ ವಿಕ್ಷೇಪ. ಇಂದಿನ ಪತ್ರಿಕಾಗೋಷ್ಠಿಗಳನ್ನು ಕಂಡೇ ಬರೆದರೇನೋ ಎನಿಸದಿರದು!

ಮುಖಂಡನು ಸುಳ್ಳಾಡುತ್ತಿರುವನೆಂದು ತಿಳಿದರೂ ವರದಿಗಾರನು ಕೂಗಾಡಬೇಕಿಲ್ಲ. ಕೂಗಿದರೆ ಅದು ಜಲ್ಪವಾಗಿ, ಮುಖಂಡನಿಗೆ ಸಿಟ್ಟಿನಿಂದ ಏಳಲು ನೆಪ ಸಿಗುತ್ತದೆ. ಬಿರುಕು ಯಾವ ಭಾಗದಲ್ಲಿ? ಕಂಡವರಾರು? ಪರೀಕ್ಷೆ ನಡೆದುದೆಂದು, ಅದರ ವರದಿ ಎಲ್ಲಿ? ಆರೋಪಿಸಿದವರಿಗೂ ಅಲ್ಲಗಳೆದವರಿಗೂ ಇಷ್ಟನ್ನೇ ಮೆಲುದನಿಯಲ್ಲಿ, ಉತ್ತರ ಬರುವವರೆಗೆ ಕೇಳಬೇಕು. ಬಾರದಿದ್ದರೆ, ಉತ್ತರಿಸಲಿಲ್ಲವೆಂದೇ ಅಚ್ಚುಮಾಡಬೇಕು. ಸಾಧ್ಯವಿದ್ದಲ್ಲಿ ತಾನೇ ಹೋಗಿ ನೋಡಿ ಬರಬೇಕು.

ಇದು ಪಕ್ಷಪಾತವಾಗದೇ ಎಂದು ಕೆಲವರು ಕೇಳುವರು. ತನಗೆ ಪ್ರಿಯನಾದವನನ್ನೂ ಅದೇ ಪ್ರಶ್ನೆಯಿಂದ ಕೇಳುವವನು ಪಕ್ಷಪಾತಿಯಾಗಲಾರ. ಕಷ್ಟವಿರುವುದು ಇಲ್ಲಿಯೇ, ಏಕೆಂದರೆ ಊರು, ನಂಟು, ಜಾತಿ ಎಲ್ಲವೂ ವರದಿಗಾರನ ಕೈಹಿಡಿದು ಜಗ್ಗುತ್ತವೆ. ನಮ್ಮ ಪಾಲೂ ಇದರಲ್ಲಿದೆ. ಎದುರು ಪಕ್ಷದವನನ್ನು ಕೇಳಿದಾಗ ಭಲೇ ಎಂದು, ನಮ್ಮವನನ್ನು ಕೇಳಿದ ಮರುದಿನವೇ ಪತ್ರಿಕೆಯನ್ನು ನಿಲ್ಲಿಸುವ ಓದುಗರು ನಮ್ಮ ನಡುವೆಯೇ ಇದ್ದಾರೆ.