ಇಂದಿನ ಧಮ್ಮ ಚಿಂತನೆ: ಬಿಡದ ಚಕ್ರ



ಇವತ್ತು ಸಮ್ಮಾ ವಾಯಾಮದ ಬಗ್ಗೆ, ಅಂದರೆ ಸರಿಯಾದ ಪ್ರಯತ್ನದ ಬಗ್ಗೆ ಬರೆಯುವ ಸರದಿ ನನ್ನದು. ಪುಸ್ತಕದಿಂದ ಬರೆಯೋಣ ಅಂತಲೇ ಕೂತೆ. ಆದರೆ ಮನಸ್ಸಿಗೆ ಬಂದದ್ದು ಒಂದು ಕಾರಿನ ಚಕ್ರ.

ನಾನು ಕೆಲಸದ ಮೇಲೆ ಮಂಗಳೂರಿನಲ್ಲಿದ್ದೇನೆ. ಊರು ಚಾಮರಾಜನಗರದ ಕಡೆ. ಅವ್ವ ತೀರಿಕೊಂಡು ವರ್ಷವಾದ ದಿನಕ್ಕೆ ಹೊರಟಿದ್ದೆ. ನಂಜನಗೂಡು ದಾಟಿದ ಮೇಲೆ ಮುಂದಿನ ಎಡಗಡೆ ಚಕ್ರ ಪಂಚರ್. ಸ್ಟೆಪ್ನಿ ಇತ್ತು, ಜಾಕ್ ಇತ್ತು. ನಟ್ಟು ಸಡಿಲ ಮಾಡಿ, ಜಾಕ್ ಏರಿಸಿ, ನಟ್ಟುಗಳನ್ನೆಲ್ಲ ಬಿಚ್ಚಿಟ್ಟೆ. ಚಕ್ರ ಮಾತ್ರ ಅಲ್ಲಾಡಲಿಲ್ಲ. ಹಿಡಿಯಲು ಒಂದು ನಟ್ಟೂ ಇಲ್ಲ, ಆದರೂ ಬೆಸುಗೆ ಹಾಕಿದ ಹಾಗೆ ಕೂತಿದೆ! ಎಳೆದೆ. ಒದ್ದೆ. ಸ್ಪಾನರಿನಿಂದ ಹೊಡೆದೆ, ರಿಮ್ಮಿಗೆ ಗೀರು ಬಿತ್ತು. ಸಿಟ್ಟಿನಲ್ಲಿ ಇನ್ನೊಂದು ಸಲ ಒದ್ದಾಗ ಜಾಕ್ ಮೇಲಿದ್ದ ಕಾರು ಓಲಾಡಿತು. ಆಗ ಭಯವಾಗಿ ದೂರ ಸರಿದು ನಿಂತೆ.

ಫೋನ್ ಮಾಡಲು ಇದ್ದವನು ಒಬ್ಬನೇ. ನನ್ನ ತಮ್ಮ, ಲಗೇಜ್ ಆಟೋ ಓಡಿಸುತ್ತಾನೆ. ಅವನ ಜೊತೆ ಮಾತು ಬಿಟ್ಟು ಒಂದು ವರ್ಷವಾಗಿತ್ತು.

ಕಾರಣ ಹೇಳಲೇಬೇಕು. ಅವ್ವನ ಮಣ್ಣಾದ ಮೇಲೆ ಅವನು ಎಡೆ ಇಡಬೇಕು ಅಂದ. ನಾನು ಆಗಲ್ಲ ಅಂದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದೂ ಇದೆ. ಅದನ್ನು ಒಪ್ಪಿ ದೀಕ್ಷೆ ತೆಗೆದುಕೊಂಡವನು ನಾನು. ಅದರಲ್ಲಿ ಇವತ್ತಿಗೂ ನನಗೆ ಅನುಮಾನವಿಲ್ಲ. ಆದರೆ ಅಷ್ಟಕ್ಕೆ ನಿಲ್ಲಿಸಲಿಲ್ಲ. ನೆಂಟರೆದುರು 'ಮೂಢರ ಮನೆಗೆ ಇನ್ನು ಕಾಲಿಡಲ್ಲ' ಅಂದೆ. ಅವ್ವ ಹಾಸಿಗೆ ಹಿಡಿದ ಎರಡು ವರ್ಷ ಅವಳನ್ನು ಎತ್ತಿ ಕೂರಿಸಿ ಉಣ್ಣಿಸಿದ್ದು ಆ ಮೂಢ. ನಾನು ದುಡ್ಡು ಕಳಿಸುತ್ತಿದ್ದೆ, ಅಷ್ಟೆ.

ಅರ್ಧ ಗಂಟೆಯಲ್ಲಿ ಬಂದ. ನನ್ನ ಮುಖ ನೋಡಲಿಲ್ಲ, ಚಕ್ರ ನೋಡಿದ. "ಒದ್ರೆ ಬರಲ್ಲ ಕಣಣ್ಣ" ಅಂದ. ಒಂದು ವರ್ಷದಲ್ಲಿ ಅವನಾಡಿದ ಮೊದಲ ಮಾತು.

ಬಿಚ್ಚಿದ್ದ ನಟ್ಟುಗಳನ್ನೆಲ್ಲ ಮತ್ತೆ ಹಾಕಿದ. ಬಿಗಿ ಮಾಡಲಿಲ್ಲ, ಒಂದು ಸುತ್ತಿನಷ್ಟು ಸಡಿಲ ಬಿಟ್ಟ. ಜಾಕ್ ಇಳಿಸಿ ಕಾರಿನ ಭಾರವನ್ನು ಚಕ್ರದ ಮೇಲೆ ಬಿಟ್ಟ. ನನ್ನನ್ನು ಒಳಗೆ ಕೂರಿಸಿ, ಒಂದು ಮಾರು ಮುಂದೆ, ಒಂದು ಮಾರು ಹಿಂದೆ, ಮೆಲ್ಲಗೆ, ಬ್ರೇಕ್ ಹಿಡಿ ಅಂದ. ಮೂರನೇ ಸಲಕ್ಕೆ 'ಟಕ್' ಅಂತ ಸದ್ದು. ಮತ್ತೆ ಜಾಕ್ ಏರಿಸಿ ನಟ್ಟು ಬಿಚ್ಚಿದ. ಚಕ್ರ ಕೈಗೇ ಬಂತು. ನಟ್ಟು ಪೂರ್ತಿ ಬಿಚ್ಚಿ ಕಾರು ಅಲ್ಲಾಡಿಸಿದರೆ ಚಕ್ರ ಕಳಚಿ ಮೈಮೇಲೆ ಬರುತ್ತದೆ, ಅದಕ್ಕೇ ಅವು ಇರಬೇಕು ಎಂದ. (ಕಾರಿರುವ ಬಂಧುಗಳು ಇದನ್ನು ನೆನಪಿಟ್ಟುಕೊಳ್ಳಿ. ಜಾಕ್ ಮೇಲಿರುವ ಕಾರಿನ ಕೆಳಗೆ ಮಾತ್ರ ಎಂದೂ ತೂರಬೇಡಿ.)

ಒಳಗೆ ನೋಡಿದರೆ ಹಬ್ಬಿನ ಸುತ್ತ ಕಂದು ತುಕ್ಕು, ರಿಮ್ಮಿನ ತೂತಿನಲ್ಲಿ ಬಿಳಿ ಪುಡಿ. ನನ್ನದು ಅಲಾಯ್ ಚಕ್ರ, ಅಂದರೆ ಅಲ್ಯೂಮಿನಿಯಂ, ಹಬ್ಬು ಕಬ್ಬಿಣ. ಎರಡು ಲೋಹ ತಾಗಿಕೊಂಡಿರುವಲ್ಲಿ ಉಪ್ಪು ನೀರು ಸೇರಿದರೆ ಅಲ್ಯೂಮಿನಿಯಂ ಸವೆದು ಪುಡಿಯಾಗುತ್ತದೆ, ಆ ಪುಡಿ ಉಬ್ಬಿ ಸಂದು ತುಂಬಿಕೊಳ್ಳುತ್ತದೆ. ಕಡಲೂರಿನ ಗಾಳಿ, ನಾಲ್ಕು ಮಳೆಗಾಲ, ಒಮ್ಮೆಯೂ ಬಿಚ್ಚದ ಚಕ್ರ. ತಮ್ಮ ವೈರ್ ಬ್ರಷ್ ತಂದಿದ್ದ. ಸ್ಟೆಪ್ನಿ ಹಾಕುವ ಮೊದಲು ಕೂತು ಉಜ್ಜಿದ. ಹಬ್ಬಿನ ಅಂಚಿಗೆ ಮಾತ್ರ ಬೆರಳಲ್ಲಿ ತೆಳ್ಳಗೆ ಗ್ರೀಸ್ ಸವರಿದ, ಬೋಲ್ಟಿಗೂ ಬ್ರೇಕಿಗೂ ತಾಗದ ಹಾಗೆ.

ಧಮ್ಮಪದದ ಮಲವಗ್ಗದಲ್ಲಿ ತುಕ್ಕಿನ ಉಪಮೆ ಬರುವುದು ನಿಮಗೆ ಗೊತ್ತು. ಎಷ್ಟೋ ಸಲ ವಿಹಾರದಲ್ಲಿ ನಾನೇ ಅದನ್ನು ವಿವರಿಸಿದ್ದೇನೆ. ದುಃಖ ಎಂಬ ಪದದಲ್ಲಿರುವ 'ಖ' ಅಂದರೆ ಅಚ್ಚು ಕೂರುವ ತೂತು, ದುಃಖವೆಂದರೆ ತೂತು ಸರಿಯಿಲ್ಲದ ಚಕ್ರ ಎಂದು ಕೆಲವು ವಿದ್ವಾಂಸರು ಬಿಡಿಸುವುದನ್ನೂ ಹೇಳಿದ್ದೇನೆ. ಆ ದಿನ ರಸ್ತೆ ಬದಿಯಲ್ಲಿ ಅದನ್ನು ತಮ್ಮನ ಕೈಯಲ್ಲಿ ನೋಡಿದೆ. ಸಮ್ಮಾ ವಾಯಾಮಕ್ಕೆ ನಾಲ್ಕು ಮುಖ: ಹುಟ್ಟದ ಕೆಡುಕನ್ನು ಹುಟ್ಟದಂತೆ ತಡೆಯುವುದು, ಹುಟ್ಟಿದ್ದನ್ನು ಬಿಡುವುದು, ಹುಟ್ಟದ ಒಳಿತನ್ನು ಹುಟ್ಟಿಸುವುದು, ಹುಟ್ಟಿದ ಒಳಿತನ್ನು ಕಾಪಾಡುವುದು. ನನ್ನದು ಪ್ರಯತ್ನವೇ ಅಲ್ಲ ಅನ್ನಲಾರೆ, ಬೆವರು ಸುರಿದಿತ್ತು. ಆದರೆ ಅದು ಒದೆಯುವ ಪ್ರಯತ್ನ. ಚಕ್ರಕ್ಕೂ ಅದೇ, ತಮ್ಮನಿಗೂ ಅದೇ.

ಕೈ ಒರೆಸಿಕೊಳ್ಳುತ್ತಾ ಅವನು ಕೇಳಿದ, "ಮನೆಗೆ ಬತ್ತೀಯಾ?"

"ಎಡೆಗೆ ಕೈ ಮುಗಿಯಲ್ಲ ಕಣೋ" ಅಂದೆ. "ಆದರೆ ಅವತ್ತು ನಾನು ಆಡಿದ ಮಾತು ತಪ್ಪು."

ಅವನೇನೂ ಹೇಳಲಿಲ್ಲ. ಪಂಚರ್ ಆದ ಚಕ್ರವನ್ನು ತನ್ನ ಆಟೋಗೆ ಎತ್ತಿ ಹಾಕಿಕೊಂಡು ಮುಂದೆ ಹೊರಟ. ಸಂಜೆ ಅವನು ಒಳಗೆ ಎಡೆ ಇಟ್ಟ, ನಾನು ಜಗುಲಿಯಲ್ಲಿದ್ದೆ. ಆಮೇಲೆ ಅವ್ವನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ತ್ರಿಶರಣ, ಪಂಚಶೀಲ ಹೇಳಿದೆ. ತಮ್ಮ ಬಾಗಿಲಿಗೆ ಒರಗಿ ನಿಂತಿದ್ದ. ಅವನ ಮಗಳು ಬಂದು ನನ್ನ ಪಕ್ಕ ಕೂತಳು.

ಜೈ ಭೀಮ್, ನಮೋ ಬುದ್ಧಾಯ.