ತಕ್ಕಡಿಗೆ ಬಾರದ ಮೀನುಗಳು



ಶ್ರಮಪಟ್ಟು ಸೋತ ದಿನದ ಸಂಜೆ ಮನೆಯವರು "ಹೇಗಾಯಿತು?" ಎಂದು ಕೇಳಿದರೆ ನೀವು ಏನೆಂದು ಉತ್ತರಿಸುತ್ತೀರಿ? ನಮ್ಮಲ್ಲಿ ಹೆಚ್ಚಿನವರ ಬಳಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. "ಅದೃಷ್ಟ ಕೈಕೊಟ್ಟಿತು" ಎನ್ನುವುದು ಒಂದು. ಏನನ್ನೂ ಹೇಳದೆ ಮಾತು ಬದಲಿಸುವುದು ಇನ್ನೊಂದು. ಮೂರನೆಯ ಉತ್ತರವೊಂದು ಇದೆ ಎಂಬುದನ್ನು ನಾನು ಕಲಿತದ್ದು ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಲ್ಲ. ಇಂಗ್ಲೆಂಡಿನ ಒಂದು ಕಾಲುವೆಯ ದಡದಲ್ಲಿ, ಕೊರೆಯುವ ಚಳಿಯಲ್ಲಿ, ಬೇರೊಬ್ಬರ ಸೋಲನ್ನು ನೋಡುತ್ತಾ ಕುಳಿತಿದ್ದಾಗ.

2009ರ ಜನವರಿ ತಿಂಗಳು. ನಾನು ಸ್ಟಾಫರ್ಡ್‌ಶೈರ್ ಪ್ರಾಂತ್ಯದ ಒಂದು ಧರ್ಮಕೇಂದ್ರದಲ್ಲಿ ಕೆಲವು ತಿಂಗಳ ಮಟ್ಟಿಗೆ ಸೇವೆಯಲ್ಲಿದ್ದೆ. ಪಿಂಗಾಣಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ದಿನವೂ ಬೆಳಗಿನ ಬಲಿಪೂಜೆಗೆ ಬರುತ್ತಿದ್ದರು. ಗಾಳ ಹಾಕುವುದು ಅವರ ಎರಡನೆಯ ಭಕ್ತಿ. ಆ ಪ್ರಾಂತ್ಯಕ್ಕೆ ಅದೇನೂ ಹೊಸದಲ್ಲ. ಗಾಳದ ಬಗ್ಗೆ 1653ರಲ್ಲಿ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ ಐಸಾಕ್ ವಾಲ್ಟನ್ ಹುಟ್ಟಿದ್ದು ಅಲ್ಲಿಯ ಸ್ಟಾಫರ್ಡ್ ಪಟ್ಟಣದಲ್ಲೇ. ಒಂದು ಶನಿವಾರ ಆ ಹಿರಿಯರು ನನ್ನನ್ನು ಟ್ರೆಂಟ್ ಅಂಡ್ ಮರ್ಸಿ ಕಾಲುವೆಗೆ ಕರೆದೊಯ್ದರು. ಕುಂಬಾರಿಕೆಯ ಜೇಡಿಮಣ್ಣನ್ನೂ ಪಿಂಗಾಣಿ ಪಾತ್ರೆಗಳನ್ನೂ ದೋಣಿಗಳಲ್ಲಿ ಸಾಗಿಸಲು ತೋಡಿ, 1777ರಲ್ಲಿ ಪೂರ್ಣಗೊಳಿಸಿದ ಕಾಲುವೆ ಅದು. ಅಲ್ಲಿ ಅಂದು ಗಾಳದ ಸ್ಪರ್ಧೆಯಿತ್ತು.

ಸಾಲ್ಮನ್ ಮತ್ತು ಟ್ರೌಟ್‌ಗಳನ್ನು ಬಿಟ್ಟು ಸಿಹಿನೀರಿನ ಉಳಿದ ಮೀನುಗಳನ್ನು ಹಿಡಿಯುವುದಕ್ಕೆ ಆಂಗ್ಲರು ಕೋರ್ಸ್ ಫಿಶಿಂಗ್ ಎನ್ನುತ್ತಾರೆ. ರೋಚ್, ಪರ್ಚ್, ಬ್ರೀಮ್, ಬೆರಳುದ್ದದ ಗಜನ್ ಇವೇ ಆ ಮೀನುಗಳು. ಹಿಡಿದವನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ನೀರಿನಲ್ಲಿ ಇಳಿಬಿಟ್ಟ ಉದ್ದನೆಯ ಬಲೆಚೀಲದಲ್ಲಿ ಅವನ್ನು ಜೀವಂತ ಇರಿಸಿ, ಕೊನೆಗೆ ತೂಗಿ, ಮತ್ತೆ ನೀರಿಗೇ ಬಿಡುತ್ತಾರೆ. ಮೀನೆಂದರೆ ಸಾರು ಎಂದೇ ತಿಳಿದು ಬೆಳೆದ ನನಗೆ ಇದು ವಿಚಿತ್ರವಾಗಿ ಕಂಡಿತು. ಗೆದ್ದವನೂ ಬರಿಗೈಯಲ್ಲಿ ಮನೆಗೆ ಹೋಗುವ ಆಟವಿದು. ಉಳಿಯುವುದು ಹಾಳೆಯ ಮೇಲಿನ ಒಂದು ಅಂಕಿ ಮತ್ತು ಒಂದಿಷ್ಟು ಬಹುಮಾನದ ಹಣ, ಅಷ್ಟೇ.

ಸ್ಪರ್ಧೆ ಆರಂಭವಾಗುವುದು ಚೀಟಿ ಎತ್ತುವುದರಿಂದ. ದಡದುದ್ದಕ್ಕೂ ಗುರುತಿಸಿದ ಸ್ಥಳಗಳಿಗೆ ಪೆಗ್ ಎಂದು ಹೆಸರು. (ಕನ್ನಡದ ಕಿವಿಗೆ ಬೇರೆ ಅರ್ಥ ಹೊಳೆಯದಿರಲಿ!) ಚೀಲದೊಳಗೆ ಕೈಹಾಕಿ ಎತ್ತಿದ ಸಂಖ್ಯೆಯ ಪೆಗ್‌ನಲ್ಲಿಯೇ ಕುಳಿತುಕೊಳ್ಳಬೇಕು. ಚಳಿಗಾಲದಲ್ಲಿ ಈ ಚೀಟಿಯೇ ಅರ್ಧ ತೀರ್ಪು. ಮೀನಿನ ದೇಹದ ಬಿಸಿ ನೀರಿನ ಬಿಸಿಯನ್ನು ಅನುಸರಿಸುತ್ತದೆ. ನೀರು ತಣ್ಣಗಾದಂತೆ ಅದರ ಓಡಾಟವೂ ಹಸಿವೂ ಕುಗ್ಗುತ್ತವೆ. ಬೇಸಿಗೆಯಲ್ಲಿ ಎಲ್ಲೆಡೆ ಹರಡಿಕೊಂಡಿದ್ದ ಮೀನುಗಳು ಸೇತುವೆಯ ನೆರಳಿನಲ್ಲೋ ಕಟ್ಟಿಹಾಕಿದ ದೋಣಿಗಳ ಕೆಳಗೋ ಗುಂಪುಗೂಡುತ್ತವೆ. ಹಾಗಾಗಿ ಒಂದು ಪೆಗ್‌ನಲ್ಲಿ ನೂರು ಮೀನು, ಅಲ್ಲಿಂದ ಐವತ್ತು ಹೆಜ್ಜೆ ದೂರದಲ್ಲಿ ಒಂದೂ ಇಲ್ಲ. ನಮ್ಮ ಹಿರಿಯರ ಕೈಗೆ ಬಂದದ್ದು ಸೇತುವೆಯೂ ದೋಣಿಯೂ ಇಲ್ಲದ ಬಯಲು ಜಾಗ. ಚೀಟಿ ನೋಡಿದ ಗೆಳೆಯರು ಏನೂ ಹೇಳದೆ ಅವರ ಭುಜ ತಟ್ಟಿದರು.

ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ತನಕ, ಐದು ಗಂಟೆಗಳ ಸ್ಪರ್ಧೆ. ದಡದಂಚಿನಲ್ಲಿ ಹೆಪ್ಪುಗಟ್ಟಿದ್ದ ತೆಳುವಾದ ಮಂಜುಗಡ್ಡೆಯನ್ನು ಒಡೆದು ಅವರು ಕುಳಿತರು. ಕೂದಲಿನಂತಹ ದಾರ, ಅಕ್ಕಿಕಾಳಿಗಿಂತ ಸಣ್ಣ ಕೊಕ್ಕೆ, ಅದರ ತುದಿಗೆ ಬ್ರೆಡ್ಡಿನ ಪುಟ್ಟ ಬಿಲ್ಲೆ. ಮೀನನ್ನು ಕರೆಯಲು ಬ್ರೆಡ್ಡಿನ ಹುಡಿಯ ಉಂಡೆಗಳನ್ನು ನೀರಿಗೆ ಹಾಕಿದರು. ಮೊದಲ ಅರ್ಧ ಗಂಟೆಯಲ್ಲಿ ಎರಡು ಸಣ್ಣ ರೋಚ್ ಬಂದವು. ಆಮೇಲೆ ಎರಡು ಗಂಟೆ ಏನೂ ಇಲ್ಲ. ನೀರು ಗಾಜಿನಂತೆ ತಿಳಿಯಾಗಿ, ನಿಶ್ಚಲವಾಗಿ ಬಿದ್ದಿತ್ತು. ಅವರು ಆಳ ಬದಲಿಸಿದರು, ಎರೆ ಬದಲಿಸಿದರು, ಆಚೆ ದಡದ ಬುಡಕ್ಕೆ ಹಾಕಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಇನ್ನೆರಡು ಬಂದವು. ಮುಗಿಯಿತೆಂಬ ಸೀಟಿ ಕೇಳಿದಾಗ ಅವರ ಬಲೆಚೀಲದಲ್ಲಿದ್ದದ್ದು ನಾಲ್ಕು ಮೀನು. ನಾಲ್ಕೂ ಸೇರಿ ಒಂದು ಅಂಗೈ ತುಂಬುತ್ತಿರಲಿಲ್ಲ.

ಓದುಗರೇ, ನಾನು ಹೇಳಬೇಕೆಂದಿರುವ ವಿಷಯ ಇಲ್ಲಿಂದ ಆರಂಭವಾಗುತ್ತದೆ. ಸ್ಪರ್ಧೆ ಮುಗಿದ ಮೇಲೆ ತಕ್ಕಡಿ ಹಿಡಿದವರು ಪೆಗ್‌ನಿಂದ ಪೆಗ್‌ಗೆ ನಡೆದು ಬರುತ್ತಾರೆ. ಕಡಿಮೆ ಮೀನು ಹಿಡಿದವರು ತೂಗಿಸಲೇಬೇಕೆಂಬ ಒತ್ತಾಯವಿಲ್ಲ. ತಕ್ಕಡಿ ಬರುವ ಮೊದಲೇ ಚೀಲವನ್ನು ನೀರಿಗೆ ಕೊಡವಿ, "ತೂಗುವುದಿಲ್ಲ" ಎಂದುಬಿಟ್ಟರೆ ಸಾಕು. ಹಾಳೆಯಲ್ಲಿ ಅವರ ಹೆಸರಿನ ಮುಂದೆ ಹಾಗೆಂದೇ ಬರೆಯುತ್ತಾರೆ. ಅಂದು ಹಲವರು ಹಾಗೆಯೇ ಮಾಡಿದರು. ಅದು ಸುಳ್ಳಲ್ಲ, ಮೋಸವೂ ಅಲ್ಲ. ಆದರೆ ಅದರಲ್ಲೊಂದು ಅನುಕೂಲವಿದೆ: "ತೂಗಲಿಲ್ಲ" ಎಂಬ ಪದದ ಹಿಂದೆ ಎಷ್ಟಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ನಮ್ಮ ಹಿರಿಯರು ಮಾತ್ರ ಕಾದು ನಿಂತು, ನಾಲ್ಕು ಮೀನನ್ನೂ ತಕ್ಕಡಿಗೆ ಹಾಕಿದರು. ಮೂರು ಔನ್ಸ್, ನಮ್ಮ ಲೆಕ್ಕದಲ್ಲಿ ಸುಮಾರು 85 ಗ್ರಾಂ. ಬರೆದುಕೊಳ್ಳುತ್ತಿದ್ದ ಯುವಕ ನಸುನಕ್ಕ. ತಂಡಗಳ ಸ್ಪರ್ಧೆಯಾಗಿದ್ದರೆ ಒಂದು ಪುಟ್ಟ ಮೀನೂ ತಂಡಕ್ಕೆ ಅಂಕ ತರಬಲ್ಲದು, ಅಂದಿನದು ಅಂಥದ್ದಲ್ಲ. ಆ ಮೂರು ಔನ್ಸ್‌ಗಳಿಂದ ಯಾರಿಗೂ ಏನೂ ಲಾಭವಿರಲಿಲ್ಲ. ದೋಣಿಗಳ ಪಕ್ಕದ ಪೆಗ್ ಸಿಕ್ಕಿದವರು ಎರಡು ಕಿಲೋಗೂ ಮೀರಿ ಹಿಡಿದು ಗೆದ್ದರು.

ಮರಳುವಾಗ ನಾನು ಸಮಾಧಾನ ಹೇಳಲು ಹೋದೆ: "ಜಾಗವೇ ಕೆಟ್ಟದಿತ್ತು, ನೀವೇನು ಮಾಡಲಾಗುತ್ತಿತ್ತು?" ಅವರು ಒಪ್ಪಲಿಲ್ಲ. "ಗೆದ್ದವನೊಡನೆ ನನ್ನನ್ನು ಹೋಲಿಸಿಕೊಳ್ಳಲಾರೆ ಫಾದರ್, ಅವನ ನೀರೇ ಬೇರೆ. ಆದರೆ ಪಕ್ಕದ ಪೆಗ್‌ನವನ ನೀರೂ ನನ್ನದೂ ಒಂದೇ. ಅವನು 14 ಔನ್ಸ್ ತೂಗಿದ. ಆ 11 ಔನ್ಸ್ ವ್ಯತ್ಯಾಸ ಚೀಟಿಯದಲ್ಲ, ನನ್ನದು. ಮೊದಲ ಹತ್ತು ನಿಮಿಷದಲ್ಲೇ ಬ್ರೆಡ್ಡನ್ನು ಅತಿಯಾಗಿ ಸುರಿದೆ. ಚಳಿಯಲ್ಲಿ ಮೀನಿಗೆ ಒಂದು ಚೂರು ಸಾಕು, ಅಷ್ಟಕ್ಕೇ ಹೊಟ್ಟೆ ತುಂಬುತ್ತದೆ." ಮತ್ತೇಕೆ ತೂಗಿಸಿದಿರಿ ಎಂದು ಕೇಳಿದೆ. "ಚೆನ್ನಾಗಿ ಹಿಡಿದ ದಿನ ಮಾತ್ರ ತೂಗಿಸಿದರೆ ಲೆಕ್ಕದ ಪುಸ್ತಕ ನನ್ನ ಬಗ್ಗೆ ಸುಳ್ಳು ಹೇಳುತ್ತದೆ" ಎಂದರು.

ಎಪಿಕ್ಟೇಟಸ್ ಎಂಬ ಪ್ರಾಚೀನ ದಾರ್ಶನಿಕನನ್ನು ನಾವು ಗುರುಮಠದಲ್ಲಿ ಓದಿದ್ದೆವು. ದಾಸನಾಗಿ ಹುಟ್ಟಿದ ಆತ, ನಮ್ಮ ಕೈಯಲ್ಲಿರುವುದನ್ನೂ ಕೈಯಲ್ಲಿಲ್ಲದ್ದನ್ನೂ ಬೇರ್ಪಡಿಸಿ, ಕೈಯಲ್ಲಿಲ್ಲದ್ದಕ್ಕಾಗಿ ಮರುಗಬೇಡ ಎಂದು ಬೋಧಿಸಿದ. ಉತ್ತಮ ಬೋಧನೆಯೇ. ಆದರೆ ಬದುಕಿನಲ್ಲಿ ಅವೆರಡೂ ಅಕ್ಕಿ-ಕಲ್ಲಿನಂತೆ ಬೆರೆತೇ ಬರುತ್ತವೆ; ಆರಿಸುವ ಶ್ರಮ ಬೇಡವೆನಿಸಿ ನಾವು ಎಲ್ಲವನ್ನೂ ಒಂದೇ ಮೊರಕ್ಕೆ ಸುರಿಯುತ್ತೇವೆ. ಗೆದ್ದರೆ ನನ್ನ ಜಾಣ್ಮೆ, ಸೋತರೆ ಚೀಟಿ. ಎಲ್ಲವೂ ಚೀಟಿಯೇ ಆಗಿದ್ದರೆ ಇಂಗ್ಲೆಂಡಿನ ಅಲನ್ ಸ್ಕಾಟ್‌ಥಾರ್ನ್ 1996ರಿಂದ 2007ರೊಳಗೆ 5 ಬಾರಿ ಇದೇ ಗಾಳದ ವಿಶ್ವ ಚಾಂಪಿಯನ್ ಆಗುತ್ತಿರಲಿಲ್ಲ. ಎಲ್ಲವೂ ಜಾಣ್ಮೆಯೇ ಆಗಿದ್ದರೆ ದೊಡ್ಡ ಸ್ಪರ್ಧೆಗಳಲ್ಲಿ ದಡವನ್ನು ವಿಭಾಗಗಳಾಗಿ ಹಂಚಿ, ಅಕ್ಕಪಕ್ಕದವರೊಡನೆ ಮಾತ್ರ ಹೋಲಿಸಿ ಅಂಕ ಕೊಡುವ ಏರ್ಪಾಡೂ ಬೇಕಾಗುತ್ತಿರಲಿಲ್ಲ. ಯಾವುದು ಚೀಟಿಯ ಪಾಲು, ಯಾವುದು ನನ್ನ ಪಾಲು ಎಂದು ಆರಿಸಬೇಕಾದರೆ ಮೊದಲು ಇರುವುದನ್ನು ತೂಗಬೇಕು. ತೂಗದೆ ನೀರಿಗೆ ಕೊಡವಿದ ಮೇಲೆ ಆರಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಾರಣವನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ಅದಕ್ಕೆ ಕೆಲವು ವರ್ಷಗಳ ಮೊದಲು, ನಮ್ಮ ನಾಡಿನ ಒಂದು ಧರ್ಮಕೇಂದ್ರದಲ್ಲಿ ನಾನು ವಯಸ್ಕರಿಗಾಗಿ ಸಂಜೆಯ ಬೈಬಲ್ ತರಗತಿ ಆರಂಭಿಸಿದ್ದೆ. ಮೊದಲ ವಾರ ನಲವತ್ತು ಮಂದಿ ಬಂದರು. ಮೂರು ತಿಂಗಳಲ್ಲಿ ಉಳಿದವರು ನಾಲ್ವರು. ನಾನು ತರಗತಿಯನ್ನು ನಿಲ್ಲಿಸಿದೆ. ವರ್ಷದ ಕೊನೆಗೆ ಬರೆದ ವರದಿಯಲ್ಲಿ ಹಬ್ಬದ ಮೆರವಣಿಗೆಗೂ ಯುವಜನರ ಕ್ರೀಡಾಕೂಟಕ್ಕೂ ಜಾಗ ಕೊಟ್ಟೆ. ಆ ತರಗತಿಯ ಹೆಸರನ್ನೇ ಎತ್ತಲಿಲ್ಲ. ನಾಲ್ವರಲ್ಲಿ ಒಬ್ಬರಾಗಿದ್ದ ವೃದ್ಧೆಯೊಬ್ಬರು ಗೋಡೆಗೆ ಅಂಟಿಸಿದ್ದ ವರದಿಯನ್ನು ಮೊಮ್ಮಗನಿಂದ ಓದಿಸಿಕೊಂಡು, "ಸ್ವಾಮಿ, ನಾವು ಬಂದದ್ದು ಇದರಲ್ಲಿ ಇಲ್ಲವಲ್ಲ" ಎಂದರು. "ಅದು ಅಷ್ಟೇನೂ ದೊಡ್ಡ ಕಾರ್ಯಕ್ರಮವಲ್ಲವಲ್ಲಮ್ಮ" ಎಂದುಬಿಟ್ಟೆ. ಅವರು ಹೌದೆಂಬಂತೆ ತಲೆಯಾಡಿಸಿ ಹೊರಟುಹೋದರು.

ನಾನು ಸುಳ್ಳು ಬರೆದಿರಲಿಲ್ಲ, ತೂಗಿಸಿರಲಿಲ್ಲ, ಅಷ್ಟೇ. ನನ್ನ ಅವಮಾನವನ್ನು ಮುಚ್ಚಲು ನಾನು ನೀರಿಗೆ ಕೊಡವಿದ್ದು ಮಳೆಯಲ್ಲಿ ನೆನೆದು ಬಂದ ನಾಲ್ವರನ್ನು. ನಿಜವಾಗಿ ಆರಿಸಿ ನೋಡಿದ್ದರೆ ಮಳೆಗಾಲವೂ, ಏಳು ಗಂಟೆಯ ಮೇಲೆ ಬಸ್ಸಿಲ್ಲದ್ದೂ ಚೀಟಿಯ ಪಾಲಿಗೆ ಸೇರುತ್ತಿದ್ದವು. ಮೊದಲ ವಾರವೇ ಗುರುಮಠದ ಟಿಪ್ಪಣಿಗಳನ್ನೆಲ್ಲ ಒಂದೂವರೆ ಗಂಟೆ ಸುರಿದದ್ದು ಮಾತ್ರ ನನ್ನ ಪಾಲು.

ತಿಬೇರಿಯ ಸರೋವರದ ದಡದ ಪ್ರಸಂಗ ನಿಮಗೆಲ್ಲ ತಿಳಿದದ್ದೇ. ಹಿಡಿದ ಮೀನು 153 ಎಂದು ಸಂತ ಯೊವಾನ್ನರು ಎಣಿಸಿ ಬರೆದಿದ್ದಾರೆ. ಅದನ್ನು ಎಲ್ಲರೂ ನೆನಪಿಡುತ್ತೇವೆ. ಅದಕ್ಕೂ ಮೊದಲು, ಮೀನು ಸಿಕ್ಕಿತೇ ಎಂದು ದಡದಿಂದ ಕೇಳಿದಾತನಿಗೆ ಶಿಷ್ಯರು ಇಲ್ಲವೆಂದರು. ರಾತ್ರಿಯಿಡೀ ದುಡಿದ, ಆ ಕಸುಬಿನಲ್ಲೇ ಬೆಳೆದ ಬೆಸ್ತರು, ಯಾರೆಂದು ಇನ್ನೂ ಗುರುತಿಸದ ಒಬ್ಬನ ಮುಂದೆ ಒಪ್ಪಿಕೊಂಡ ಮಾತದು. ಗಾಳಿಯನ್ನು ದೂರಲಿಲ್ಲ, ಮಾತು ಬದಲಿಸಲಿಲ್ಲ. ಹಾಗೆ ಒಪ್ಪಿಕೊಂಡವರಿಗೆಲ್ಲ ಬಲೆ ತುಂಬುತ್ತದೆಂದು ಶುಭಸಂದೇಶ ಹೇಳುವುದಿಲ್ಲ. ನಮ್ಮ ಹಿರಿಯರಿಗೂ ಮುಂದಿನ ಶನಿವಾರ ಒಳ್ಳೆಯ ಪೆಗ್ ಸಿಗಲಿಲ್ಲ. ಆದರೂ ಸತ್ಯವಾದ ಲೆಕ್ಕಕ್ಕೆ ಅದರದೇ ಬೆಲೆಯಿದೆ: ನಾಳೆ ಏನನ್ನು ತಿದ್ದಿಕೊಳ್ಳಬೇಕೆಂದು ಅದು ತಿಳಿಸುತ್ತದೆ, ಮತ್ತು ಸಿಕ್ಕ ಸ್ವಲ್ಪವನ್ನು ಇಲ್ಲವೆನ್ನದೆ ಕಾಪಾಡುತ್ತದೆ.

ಆದ್ದರಿಂದ ತಂದೆತಾಯಿಗಳೇ, ಮಗು ಕಡಿಮೆ ಅಂಕಗಳ ಪಟ್ಟಿಯನ್ನು ತಾನಾಗಿ ತಂದು ಮುಂದಿಟ್ಟರೆ, ಮೊದಲು ಆ ತಂದು ಇಟ್ಟದ್ದನ್ನು ಗಮನಿಸಿ. ತಕ್ಕಡಿ ಹಿಡಿದವರು ನಕ್ಕರೆ ಮುಂದಿನ ಸಲ ಚೀಲ ನೀರಿಗೇ ಹೋಗುತ್ತದೆ. ಆಮೇಲೆ ಇಬ್ಬರೂ ಕುಳಿತು, ಯಾವುದು ಚೀಟಿಯದು, ಯಾವುದು ನಮ್ಮದು ಎಂದು ಆರಿಸಿರಿ. ತರಗತಿಯ ಮೊದಲಿಗನೊಡನೆ ಹೋಲಿಸದೆ ಪಕ್ಕದ ಪೆಗ್‌ನವನೊಡನೆ ಹೋಲಿಸಿರಿ. ರಾತ್ರಿ ಮಲಗುವ ಮುನ್ನ ಆತ್ಮಶೋಧನೆ ಮಾಡುವ ನಮಗೆಲ್ಲರಿಗೂ ಇದೇ ಮಾತು ಅನ್ವಯಿಸುತ್ತದೆ.

ಇಂಗ್ಲೆಂಡಿನಿಂದ ಬಂದ ಮೇಲೆ ನಾನು ಎಷ್ಟೋ ವಾರ್ಷಿಕ ವರದಿಗಳನ್ನು ಬರೆದಿದ್ದೇನೆ. ಕಳೆದ ವರ್ಷದ್ದರಲ್ಲಿ ಒಂದು ಸಾಲು ಹೀಗಿತ್ತು: ಸಂಜೆಯ ಬೈಬಲ್ ತರಗತಿ, ಕೊನೆಯವರೆಗೆ ಬಂದವರು 6 ಮಂದಿ. ಆ ಆರು ಮಂದಿಯ ಹೆಸರನ್ನೂ ಬರೆದೆ.