ಕಾನೂನು ಕೇಳದ ಸಾಲ

ಅಪ್ಪನ ಸಾಲವನ್ನು ಮಗ ತೀರಿಸಬೇಕು ಎಂಬುದು ನಮ್ಮಲ್ಲಿ ಬಹಳ ಹಳೆಯ ಮಾತು. ಧರ್ಮಶಾಸ್ತ್ರ ಅದನ್ನು ಬರೀ ವ್ಯವಹಾರ ಎಂದು ಬಿಡಲಿಲ್ಲ, ಸತ್ತವನ ಪರಲೋಕಕ್ಕೇ ಗಂಟು ಹಾಕಿತು. ಸಾಲ ಉಳಿಸಿಕೊಂಡು ಹೋದವನು ಕೊಟ್ಟವನ ಮನೆಯಲ್ಲಿ ಎತ್ತಾಗಿ ಹುಟ್ಟಿ, ಗೇಯ್ದು ತೀರಿಸುತ್ತಾನೆ ಎಂದು ಹಿರಿಯೂರು ಸೀಮೆಯ ನಮ್ಮ ಹಟ್ಟಿಗಳಲ್ಲಿ ಹಿರಿಯರು ಹೇಳುತ್ತಿದ್ದರು. ಬ್ರಿಟಿಷರ ಕಾಲದ ಕೋರ್ಟುಗಳೂ ಮಗನ ಈ ಹೊಣೆಯನ್ನು ಒಪ್ಪಿ ನಡೆದವು. ಅದು ಕಳಚಿದ್ದು 2005ರಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆ ವರ್ಷ ಬಂದ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು ಎಂಬುದು ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದೆ ಮಾಡಿದ ಸಾಲವನ್ನು, ಧರ್ಮದ ಹೊಣೆ ಎಂಬ ಒಂದೇ ಕಾರಣಕ್ಕೆ ಮಗನಿಂದಲೋ ಮೊಮ್ಮಗನಿಂದಲೋ ವಸೂಲು ಮಾಡುವಂತಿಲ್ಲ ಎಂದು ಅದೇ ಕಾಯ್ದೆಯ ಆರನೆಯ ಕಲಮು ಹೇಳುತ್ತದೆ ಎಂಬುದು ನನಗೆ ತಿಳಿದದ್ದು ಅಪ್ಪ ತೀರಿಕೊಂಡ ಮೇಲೆ, ವಕೀಲರ ಬಾಯಿಂದ.

"ಜಮೀನು ಮಾರಿದ್ದರಲ್ಲಿ ಬ್ಯಾಂಕಿನದು ಚುಕ್ತಾ ಆಯ್ತು. ನಿಮಗೆ ಅಂತ ಬಂದ ಆಸ್ತಿ ಅಷ್ಟೇ. ಉಳಿದ ಕೈಸಾಲಕ್ಕೆ ನಿಮ್ಮ ಸಂಬಳ ಮುಟ್ಟೋ ಹಕ್ಕು ಯಾರಿಗೂ ಇಲ್ಲ, ಮೇಡಂ. ನೆಮ್ಮದಿಯಾಗಿರಿ" ಎಂದರು ಅವರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆ ಕೈಸಾಲ ಹನ್ನೊಂದು ಲಕ್ಷ ಚಿಲ್ಲರೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ನಾನು ಅದನ್ನು ತೀರಿಸುತ್ತ ಬಂದಿದ್ದೇನೆ, ಇನ್ನೂ ಮುಗಿದಿಲ್ಲ. ಯಾರ ಬಲವಂತವೂ ಇಲ್ಲದ ಸಾಲವನ್ನು ವರ್ಷಗಟ್ಟಲೆ ತೀರಿಸುವ ಮನಸ್ಸು ಎಲ್ಲಿಂದ ಬರುತ್ತದೆ, ಬಂದದ್ದು ಹೇಗೆ ಉಳಿಯುತ್ತದೆ ಎಂಬುದು ನನ್ನ ಮಟ್ಟಿಗೆ ಪುಸ್ತಕದ ಪ್ರಶ್ನೆಯಲ್ಲ. ಪ್ರತಿ ತಿಂಗಳು ಸಂಬಳವಾದ ದಿನ ಎದುರಿಗೆ ಬಂದು ನಿಲ್ಲುವ ಪ್ರಶ್ನೆ.

ಸಾಲ ಆದದ್ದು ನೀರಿಗೆ. ತೆಂಗಿನ ತೋಟ ಸುಳಿ ಒಣಗಿ ನಿಂತಿತ್ತು. ಬೋರಿಗೆ ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ನಡೆಯುತ್ತಿದ್ದರು. ಕಾಯಿ ನೆಟ್ಟಗೆ ಎದ್ದು ನಿಂತಲ್ಲಿ ಅಪ್ಪ ಒಂದು ಕಲ್ಲಿಟ್ಟು ಕುಂಕುಮ ಹಚ್ಚುತ್ತಿದ್ದ. ರಾತ್ರಿ ರಿಗ್ ಗಾಡಿ ಬರುತ್ತಿತ್ತು. ಮುನ್ನೂರು ಅಡಿ, ಐನೂರು ಅಡಿ, ಎಂಟುನೂರು ಅಡಿ ಹೋದರೂ ಮೇಲೆ ಬರುತ್ತಿದ್ದುದು ಕಲ್ಲು ಪುಡಿಯಾದ ಬಿಳಿ ಹಿಟ್ಟು. ಬೆಳಗ್ಗೆ ಎದ್ದು ನೋಡಿದರೆ ಬಾಳೆ ಎಲೆ, ಸೌದೆ ಒಟ್ಟಿಲು, ಅಪ್ಪನ ಹುಬ್ಬು, ಎಲ್ಲದರ ಮೇಲೂ ಅದೇ ಹಿಟ್ಟು. ಮತ್ತೆ ಇನ್ನೊಂದು ಪಾಯಿಂಟು, ಇನ್ನೊಂದು ಕೈಸಾಲ. 1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಊರಿಗೆ ಊರೇ ಹಬ್ಬ ಮಾಡಿತು. ಅದನ್ನು ನೋಡಲು ಅಪ್ಪ ಇರಲಿಲ್ಲ.

ಜೂಜಿಗೆ, ಕುಡಿತಕ್ಕೆ ಮಾಡಿದ ಸಾಲಕ್ಕೆ ಮಗ ಹೊಣೆಯಲ್ಲ ಎನ್ನುತ್ತದೆ ಮನುಸ್ಮೃತಿ. ನಮ್ಮ ಭಾವನವರು ಇದನ್ನು ಎಲ್ಲೋ ಕೇಳಿದ್ದವರು, "ಬೋರು ಕೊರೆಸೋದು ಜೂಜಲ್ದೆ ಇನ್ನೇನಮ್ಮ?" ಎಂದು ಕೇಳಿದರು. ಈ ಪ್ರಶ್ನೆಯ ಮೇಲೆ ನಾನು ಬಹಳ ದಿನ ಯೋಚನೆ ಮಾಡಿದೆ. ಗೆದ್ದರೆ ಬರುತ್ತದೆ, ಸೋತರೆ ಹೋಗುತ್ತದೆ ಎನ್ನುವಷ್ಟಕ್ಕೆ ಎರಡೂ ಒಂದೇ. ಆದರೆ ಜೂಜಾಡುವವನಿಗೆ ಬೇಕಾದದ್ದು ಗೆಲುವು. ಅಪ್ಪನಿಗೆ ಬೇಕಾದದ್ದು ತಾನೇ ನೆಟ್ಟ ಮರಗಳಿಗೆ ನೀರು. ಸಾಯುತ್ತಿರುವ ಜೀವದ ಬಾಯಿಗೆ ನೀರು ಬಿಡಲು ಮಾಡಿದ ಸಾಲವನ್ನು ಇಸ್ಪೀಟಿನ ಸಾಲದ ಪಕ್ಕ ಬರೆಯಲು ನನಗೆ ಮನಸ್ಸು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಎತ್ತಾಗಿ ಹುಟ್ಟುವ ಭಯದಿಂದ ನಾನು ತೀರಿಸುತ್ತಿಲ್ಲ. ಭಯ ಮೊದಲ ಕೆಲವು ಕಂತು ಕಟ್ಟಿಸೀತು, ಅಷ್ಟೆ. ಆಮೇಲೆ ಸಾಲ ಕೊಟ್ಟವರು ಎದುರಾದರೆ ಬೇರೆ ಓಣಿ ಹಿಡಿಯುವುದನ್ನು, ಫೋನು ಎತ್ತದಿರುವುದನ್ನು ಕಲಿಸುತ್ತದೆ. ಎಂದೋ ಒಂದು ದಿನ ಬಾಕಿ ಸೊನ್ನೆಯಾಗುತ್ತದೆ ಎಂಬ ಆಸೆಯೂ ನನ್ನನ್ನು ಬಹಳ ದೂರ ಕರೆದುಕೊಂಡು ಹೋಗಲಿಲ್ಲ. ದೊಡ್ಡ ಸಾಲದ ಸ್ವಭಾವವೇ ಹಾಗೆ. ಶೇಕಡಾ 9ರ ಬಡ್ಡಿಗೆ 20 ವರ್ಷದ ಮನೆಸಾಲ ತೆಗೆದವರನ್ನೇ ನೋಡಿ: ಲಕ್ಷಕ್ಕೆ ತಿಂಗಳ ಕಂತು ಸುಮಾರು 900 ರೂಪಾಯಿ. ಮೊದಲ ತಿಂಗಳು ಅದರಲ್ಲಿ 750 ಬಡ್ಡಿಗೇ ಹೋಗುತ್ತದೆ, ಅಸಲಿನಿಂದ ಇಳಿಯುವುದು 150. ಅಸಲು ಅರ್ಧಕ್ಕೆ ಬರುವಷ್ಟರಲ್ಲಿ 14 ವರ್ಷ ಕಳೆದಿರುತ್ತದೆ. ಬಾಕಿಯ ಅಂಕಿಯನ್ನೇ ನೋಡುತ್ತ ಕೂತರೆ ಎಂಥ ಗಟ್ಟಿಗನೂ ಕೈಚೆಲ್ಲುತ್ತಾನೆ.

ಯಕ್ಷಪ್ರಶ್ನೆಯಲ್ಲಿ ಧರ್ಮರಾಯ ಸುಖಿ ಯಾರು ಎಂಬುದಕ್ಕೆ ಕೊಡುವ ಉತ್ತರವನ್ನು ನಾನು ಒಂಬತ್ತನೇ ತರಗತಿಯ ಮಕ್ಕಳಿಗೆ ಕಥೆಯಾಗಿ ಹೇಳುತ್ತ ಬಂದವಳು. ಹೊತ್ತು ಮೀರಿಯಾದರೂ ಸ್ವಂತ ಮನೆಯಲ್ಲಿ ಸೊಪ್ಪು ಬೇಯಿಸಿಕೊಂಡು ತಿನ್ನುವವನು, ಸಾಲವಿಲ್ಲದವನು, ಊರು ಬಿಟ್ಟು ಅಲೆಯಬೇಕಿಲ್ಲದವನು ಸುಖಿ. ಬುದ್ಧ ಅನಾಥಪಿಂಡಿಕನಿಗೆ ಹೇಳಿದ ಗೃಹಸ್ಥನ ನಾಲ್ಕು ಸುಖಗಳಲ್ಲೂ ಸಾಲವಿಲ್ಲದಿರುವುದು ಒಂದು. ಇವರ ಮಾತು ಸುಳ್ಳೆಂದು ನಾನು ಹೇಳಲಾರೆ. ಆದರೆ ಇದನ್ನೇ ಪೂರ್ತಿಯಾಗಿ ನಂಬಿದರೆ ಸಾಲ ಮುಗಿಯುವ ತನಕ ನನಗೆ ಸುಖವೇ ಇಲ್ಲ ಎಂದಾಯಿತು. ಅಷ್ಟರಲ್ಲಿ ನನ್ನ ಮಗನ ಬಾಲ್ಯ ಮುಗಿದುಹೋಗುತ್ತದೆ, ಅಮ್ಮನ ಆಯಸ್ಸೂ.

ಹೀಗಿರುವಾಗ ನನಗೆ ಆಸರೆಯಾದದ್ದು ಇನ್ನೂ ಹಳೆಯ ಒಂದು ವಿಚಾರ. ಮನುಷ್ಯ ಹುಟ್ಟುವಾಗಲೇ ಋಣ ಹೊತ್ತು ಹುಟ್ಟುತ್ತಾನೆ ಎನ್ನುತ್ತದೆ ವೇದ. ತೈತ್ತಿರೀಯ ಸಂಹಿತೆ ಹೇಳುವುದು ಮೂರನ್ನು: ಋಷಿಗಳದು, ದೇವತೆಗಳದು, ಪಿತೃಗಳದು. ಶತಪಥ ಬ್ರಾಹ್ಮಣ ನಾಲ್ಕನೆಯದೊಂದನ್ನು ಸೇರಿಸುತ್ತದೆ, ಮನುಷ್ಯರ ಋಣ. ಮನೆಗೆ ಬಂದವರಿಗೆ ಇರಲು ಜಾಗ, ಉಣ್ಣಲು ಅನ್ನ ಕೊಟ್ಟು ಅದನ್ನು ತೀರಿಸಬೇಕು. ನನಗೆ ಹೆಚ್ಚು ಹಿಡಿಸುವುದು ಈ ನಾಲ್ಕನೆಯದೇ. ಋಣ ಎಂಬುದು ಬದುಕಿಗೆ ಹತ್ತಿದ ಕಳಂಕವಲ್ಲ, ಬದುಕು ಶುರುವಾಗುವುದೇ ಅಲ್ಲಿಂದ ಎಂದು ಒಪ್ಪಿಕೊಂಡ ಮೇಲೆ, ಸಾಲ ಇದ್ದುಕೊಂಡೇ ನಗಬಹುದು, ಯುಗಾದಿಗೆ ಹೋಳಿಗೆ ಮಾಡಬಹುದು ಎಂಬ ಧೈರ್ಯ ಬಂತು.

ಮತ್ತೆ, ನಾನು ತೀರಿಸುತ್ತಿರುವುದು ಹನ್ನೊಂದು ಲಕ್ಷವನ್ನಲ್ಲ, ಒಬ್ಬೊಬ್ಬ ಮನುಷ್ಯರಿಗೆ ಕೊಡಬೇಕಾದ್ದನ್ನು. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಒಂದು ಹೆಸರು ಪಕ್ಕದ ಹಟ್ಟಿಯ ಅಜ್ಜಿಯದು. ಹುಣಸೆಹಣ್ಣು ಮಾರಿ, ಕುರಿ ಮಾರಿ ಕೂಡಿಟ್ಟಿದ್ದ ನಲವತ್ತು ಸಾವಿರವನ್ನು ಅವರು ಪತ್ರ ಬರೆಸಿಕೊಳ್ಳದೆ ಕೊಟ್ಟಿದ್ದರು. ಇಂಥ ಸಾಲಕ್ಕೆ ಮೂರು ವರ್ಷ ಕಳೆದರೆ ಕೋರ್ಟಿನ ಬಾಗಿಲು ಮುಚ್ಚುತ್ತದೆ. ಬಾಗಿಲು ಮುಚ್ಚಿದರೂ ಸಾಲ ಸಾಯುವುದಿಲ್ಲ ಎಂದು ಕಾನೂನು ಕಲಿತವರೂ ಒಪ್ಪುತ್ತಾರೆ. ನಾನು ಮೊದಲ ಸಲ ಐದು ಸಾವಿರ ತೆಗೆದುಕೊಂಡು ಹೋದಾಗ ಅಜ್ಜಿ ನೋಟುಗಳನ್ನು ಎಣಿಸಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಕೊಟ್ಟಿರೋನು ಕಣವ್ವಾ" ಎಂದರು. ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಅಪ್ಪನ ಮೇಲೆ ಅವರು ಇಟ್ಟಿದ್ದ ನಂಬಿಕೆ ಅವನ ಜೊತೆ ಮಣ್ಣಾಗಿರಲಿಲ್ಲ. ಅದು ಅಜ್ಜಿಯ ಹತ್ತಿರವೇ ಇತ್ತು, ಈಗ ನನ್ನ ಮುಂದೆ ಕೂತಿತ್ತು. ಆಮೇಲಿನ ತಿಂಗಳುಗಳಲ್ಲಿ ಮನಸ್ಸು ಹಿಂಜರಿದಾಗಲೆಲ್ಲ ನಾನು ನೆನೆದದ್ದು ಒಟ್ಟು ಬಾಕಿಯನ್ನಲ್ಲ, ಮುಂದಿನ ಹೆಸರನ್ನು. ಹೆಚ್ಚು ಬಡ್ಡಿಯವರಿಗೆ ಮೊದಲು ಕೊಡು ಎಂದು ಲೆಕ್ಕ ಬಲ್ಲವರು ಬುದ್ಧಿ ಹೇಳಿದರು. ನಾನು ಹೆಚ್ಚು ಕಷ್ಟದಲ್ಲಿದ್ದವರಿಗೆ ಮೊದಲು ಕೊಟ್ಟೆ. ಅದರಿಂದ ಕೈಬಿಟ್ಟ ದುಡ್ಡಿನ ಬಗ್ಗೆ ನನಗೆ ಬೇಸರವಿಲ್ಲ.

ಬಡ್ಡಿಯವರೂ ಇದ್ದರು. ವಸಿಷ್ಠರ ಹೆಸರು ಹೇಳಿ ಮನು ಕೊಡುವ ದರ ತಿಂಗಳಿಗೆ ಎಂಬತ್ತರಲ್ಲಿ ಒಂದು ಪಾಲು, ನೂರಕ್ಕೆ ಒಂದೂಕಾಲು ರೂಪಾಯಿ. ಅಲ್ಲೇ ಮುಂದೆ ವರ್ಣ ಇಳಿದಂತೆ ಬಡ್ಡಿ ಎರಡರಿಂದ ಐದಕ್ಕೆ ಏರುತ್ತದೆ. ಇಲ್ಲದವನೇ ಹೆಚ್ಚು ಕಟ್ಟಬೇಕೆಂಬ ಈ ಅನ್ಯಾಯವನ್ನು ಶಾಸ್ತ್ರವೆಂಬ ಕಾರಣಕ್ಕೆ ನಾನು ಒಪ್ಪಲಾರೆ. ಆದರೆ ಒಮ್ಮೆಗೆ ಪಡೆಯುವ ಬಡ್ಡಿ ಅಸಲಿನಷ್ಟನ್ನು ಮೀರಬಾರದು ಎಂಬ ಕಟ್ಟೂ ಅದರಲ್ಲೇ ಇದೆ. ನೂರಕ್ಕೆ ಮೂರರಂತೆ ಲೆಕ್ಕ ಹಾಕಿಕೊಂಡು ಬಂದವರಿಗೆ ನಾನು ಈ ನಿಯಮವನ್ನೇ ತೋರಿಸಿದೆ: ಎರಡರಷ್ಟು ಕೊಡುತ್ತೇನೆ, ಅದರ ಮೇಲೆ ಒಂದು ಪೈಸೆ ಇಲ್ಲ. ಒಬ್ಬರು ಕೂಗಾಡಿ ಹೋದರು, ಮಾರನೆಯ ವಾರ ಬಂದು ಒಪ್ಪಿದರು.

ರಾಘವಾಂಕನ ಹರಿಶ್ಚಂದ್ರನನ್ನು ಪಾಠ ಮಾಡುವಾಗ ಈಗ ನನ್ನ ದನಿ ಮೊದಲಿನಂತೆ ಏಳುವುದಿಲ್ಲ. ವಿಶ್ವಾಮಿತ್ರನಿಗೆ ಕೊಡಬೇಕಾದ ಹೊನ್ನಿಗಾಗಿ, ಬೆನ್ನು ಬಿಡದ ನಕ್ಷತ್ರಿಕನ ಕಾಟಕ್ಕೆ, ಅವನು ಚಂದ್ರಮತಿಯನ್ನೂ ಲೋಹಿತಾಶ್ವನನ್ನೂ ಮಾರುತ್ತಾನೆ. ಆಮೇಲೆ ತನ್ನನ್ನು ವೀರಬಾಹುವಿಗೆ ಮಾರಿಕೊಳ್ಳುತ್ತಾನೆ. ತನ್ನನ್ನು ಮಾರಿಕೊಂಡದ್ದಕ್ಕೆ ನಾನು ಕೈಮುಗಿಯುತ್ತೇನೆ. ಹೆಂಡತಿ ಮಗುವನ್ನು ಮಾರಿದ್ದಕ್ಕೆ ನನ್ನ ಕೈ ಏಳುವುದಿಲ್ಲ. ಒಬ್ಬರ ಸತ್ಯದ ಬೆಲೆಯನ್ನು ಇನ್ನೊಬ್ಬರ ಮೈಯಿಂದ ತೆರಬಾರದು. ನಮ್ಮ ಜಿಲ್ಲೆಯಲ್ಲಿ ಸಾಲಕ್ಕೆ ಹೆದರಿ ಪ್ರಾಣ ಬಿಟ್ಟ ರೈತರ ಮನೆಗಳಿವೆ. ಆ ಮನೆಗಳ ಹೆಣ್ಣುಮಕ್ಕಳನ್ನು ಹತ್ತಿರದಿಂದ ಕಂಡವಳಾಗಿ ಹೇಳುತ್ತೇನೆ, ಯಾವ ಸಾಲವೂ ಅಷ್ಟು ದೊಡ್ಡದಲ್ಲ. ಅಮ್ಮನ ಔಷಧಿಯ ದುಡ್ಡು, ಮಗನ ಫೀಸು, ತಿಂಗಳಿಗೆ ಒಂದು ಪುಸ್ತಕ, ಇಷ್ಟನ್ನು ತೆಗೆದಿಟ್ಟ ಮೇಲೆಯೇ ಸಾಲದ ಕವರಿಗೆ ಕೈ ಹಾಕುತ್ತೇನೆ. ಹೀಗೆ ಮಾಡಿದ್ದಕ್ಕೇ ಇಷ್ಟು ವರ್ಷ ನಡೆಸಲು ಸಾಧ್ಯವಾಗಿದೆ ಎಂದು ನನಗೆ ಅನ್ನಿಸುತ್ತದೆ.

ಪಿಯುಸಿ ಓದುವ ಮಗ ಮೊನ್ನೆ, "ಅಮ್ಮ, ನಿನ್ನ ಕೈಲಿ ಆಗದಿದ್ದರೆ ಆಮೇಲೆ ನಾನು ಕೊಡಬೇಕಾ?" ಎಂದು ಕೇಳಿದ. ಬೃಹಸ್ಪತಿ ಸ್ಮೃತಿಯ ಪ್ರಕಾರ ಅಪ್ಪನ ಸಾಲವನ್ನು ಮಗ ತನ್ನದೆಂದೇ ತಿಳಿದು ಕೊಡಬೇಕು, ಅಜ್ಜನ ಸಾಲಕ್ಕೆ ಮೊಮ್ಮಗ ಬಡ್ಡಿಯಿಲ್ಲದೆ ಅಸಲು ಕೊಟ್ಟರೆ ಸಾಕು, ಅವನ ಮಗನಿಗೆ ಹೊಣೆಯೇ ಇಲ್ಲ. ಇದನ್ನೆಲ್ಲ ಅವನಿಗೆ ವಿವರಿಸಿದೆ. ಆಮೇಲೆ, ನಿನಗೆ ಅಸಲೂ ಇಲ್ಲಪ್ಪ ಎಂದೆ. ಈ ಹೆಸರುಗಳನ್ನು ನಾನು ಒಪ್ಪಿಕೊಂಡದ್ದು ನನ್ನಿಷ್ಟದಿಂದ, ನಿನ್ನನ್ನು ಕೇಳಿ ಅಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಸ್ತಕದಲ್ಲಿ ಇನ್ನು ಯಾರು ಯಾರು ಉಳಿದಿದ್ದಾರೆ ತೋರಿಸು ಎಂದ. ನಾಲ್ವರು ಉಳಿದಿದ್ದಾರೆ. ಮುಂದಿನ ತಿಂಗಳು ಪೈಪು ಮೋಟಾರು ಕೊಟ್ಟ ಅಂಗಡಿಯವರದು. ಮಗಳ ಮದುವೆ ಇದೆ ಎಂದು ಹೇಳಿಕಳಿಸಿದ್ದಾರೆ, ಅವರಿಗೆ ಈ ಸಲ ಸ್ವಲ್ಪ ಹೆಚ್ಚಿಗೆ ಕೊಡಬೇಕು.